ತಕ್ಕಡಿ ಯಾರ ಕೈಯಲ್ಲಿದೆ?

ಹೋದ ತಿಂಗಳು ನಮ್ಮ ತಾಲ್ಲೂಕು ಸಭೆಯಲ್ಲಿ ಜಗಳವೇ ಆಗಿಹೋಯಿತು. ನಮ್ಮ ಕೇರಿಯ ಹುಡುಗನೊಬ್ಬ, ಇಪ್ಪತ್ತೆರಡು ವಯಸ್ಸು, ಗಾರೆ ಕೆಲಸಕ್ಕೆ ಹೋಗೋನು, ಸಂಜೆ ಬಸ್‌ಸ್ಟ್ಯಾಂಡಿನ ಹಿಂದೆ ಕೂತಿದ್ದ. ಪೋಲೀಸರು ಬಂದರು, ಜೇಬು ತಡಕಿದರು, ಗಾಂಜಾ ಪೊಟ್ಟಣ ಸಿಕ್ಕಿತು ಅಂತ ಎಳಕೊಂಡು ಹೋದರು. ಅವರದೇ ಲೆಕ್ಕದ ಪ್ರಕಾರ 18 ಗ್ರಾಂ. ಅವನನ್ನು ಬಿಡಿಸಿಕೊಂಡು ಬರೋದಕ್ಕೆ ಅವನವ್ವ ಮನೆಯಲ್ಲಿದ್ದ ಎರಡು ಮೇಕೆ ಮಾರಿದಳು. ಈ ಕೇಸನ್ನು ಸಂಘ ಕೈಗೆತ್ತಿಕೊಳ್ಳಬೇಕು ಅಂತ ಕೆಲವರು ಅಂದರು. ಆಗ ಹಿರಿಯರೊಬ್ಬರು ಎದ್ದು ನಿಂತರು. "ಹೆಂಡದಂಗಡಿ ಮುಂದೆ ಧರಣಿ ಕೂತು ಲಾಠಿ ತಿಂದವರು ನಾವು. ಈಗ ಗಾಂಜಾ ಸೇದೋನ ಪರವಾಗಿ ಬ್ಯಾನರ್ ಹಿಡೀಬೇಕೇನ್ರಪ್ಪಾ?" ಅಂದರು. ಲಾ ಓದುತ್ತಿರುವ ಹುಡುಗನೊಬ್ಬ, "ಪೋರ್ಚುಗಲ್‌ನಲ್ಲಿ ಇದು ಅಪರಾಧವೇ ಅಲ್ಲ ಅಣ್ಣಾ" ಅಂದ. "ನಾವು ಪೋರ್ಚುಗಲ್‌ನಲ್ಲಿದೀವೇನೋ?" ಅಂತ ಹಿರಿಯರು ಕೇಳಿದರು. ಎಲ್ಲರೂ ನಕ್ಕರು, ಮಾತು ಅಲ್ಲಿಗೇ ನಿಂತಿತು.

ನಾನು ನಗಲಿಲ್ಲ. ಇಬ್ಬರ ಮಾತೂ ನನಗೆ ಅರ್ಧ ಸರಿ ಅನ್ನಿಸಿತು. ಅದಕ್ಕೇ ಈ ಬರಹ.

ಆ 18 ಗ್ರಾಂ ಪೊಟ್ಟಣವನ್ನೇ ಹಿಡಿದುಕೊಂಡು ಒಂದೆರಡು ದೇಶ ಸುತ್ತಿ ಬರೋಣ. ಸಿಂಗಪುರದಲ್ಲಿ 15 ಗ್ರಾಂಗಿಂತ ಹೆಚ್ಚು ಗಾಂಜಾ ಕೈಯಲ್ಲಿದ್ದರೆ ಅದು ಮಾರಾಟಕ್ಕೇ ಇಟ್ಟುಕೊಂಡಿದ್ದು ಅಂತ ಕಾನೂನೇ ಮೊದಲು ತೀರ್ಮಾನ ಮಾಡಿಬಿಡುತ್ತೆ. ಅಲ್ಲ ಅಂತ ಸಾಬೀತು ಮಾಡಬೇಕಾದವನು ಸಿಕ್ಕಿಬಿದ್ದವನೇ. ಮಾಡಲಾಗದಿದ್ದರೆ ಕಡಿಮೆ ಅಂದರೂ 5 ವರ್ಷ ಜೈಲು, ಅದರ ಮೇಲೆ ಬೆತ್ತದ ಏಟು. ಮಾರಾಟದ ಮಾಲು 500 ಗ್ರಾಂ ದಾಟಿದರೆ ನೇಣು. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕ ಮನುಷ್ಯ 25 ಗ್ರಾಂವರೆಗೆ ಜೇಬಲ್ಲಿಟ್ಟುಕೊಂಡು ಓಡಾಡಬಹುದು, ಯಾರೂ ಕೇಳೋ ಹಾಗಿಲ್ಲ. ಅದೇ ಗಿಡ, ಅದೇ ತೂಕ. ಒಂದು ಕಡೆ ಬೆನ್ನ ಮೇಲೆ ಬರೆ ಬೀಳುತ್ತೆ, ಇನ್ನೊಂದು ಕಡೆ ಪೋಲೀಸಿನವನು ನಮಸ್ಕಾರ ಹೇಳಿ ಮುಂದೆ ಹೋಗುತ್ತಾನೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕಂದರೆ ಸಭೆಯಲ್ಲಿ ಎಲ್ಲರೂ ಇದನ್ನೇ ಕಲಸುಮೇಲೋಗರ ಮಾಡಿದರು. ಕಾನೂನುಬದ್ಧ ಮಾಡೋದು ಬೇರೆ, ಅಪರಾಧದ ಪಟ್ಟಿಯಿಂದ ತೆಗೆಯೋದು ಬೇರೆ. ವೈನ್‌ಶಾಪಿಗೆ ಸರ್ಕಾರ ಲೈಸೆನ್ಸ್ ಕೊಡುತ್ತಲ್ಲ, ಅದು ಕಾನೂನುಬದ್ಧ ಮಾಡೋದು. ಯುರುಗ್ವೆ ದೇಶ 2013ರಲ್ಲಿ ಕಾನೂನು ಮಾಡಿ ಆಮೇಲೆ ಔಷಧದಂಗಡಿಯಲ್ಲೇ ಗಾಂಜಾ ಮಾರಿಸಿತು, ಅದು ಈ ಜಾತಿಯದು. ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸಿದರೆ ದಂಡ ಹಾಕುತ್ತಾರಲ್ಲ, ತಪ್ಪು ತಪ್ಪೇ, ಆದರೆ ಅದಕ್ಕಾಗಿ ಯಾರನ್ನೂ ಲಾಕಪ್ಪಿಗೆ ಹಾಕೋದಿಲ್ಲ, ಹೆಸರಿನ ಮುಂದೆ ಕ್ರಿಮಿನಲ್ ಅಂತ ಬರೆಯೋದಿಲ್ಲ. ಅಪರಾಧದ ಪಟ್ಟಿಯಿಂದ ತೆಗೆಯೋದು ಅಂದರೆ ಇದು. ಪೋರ್ಚುಗಲ್ ಮಾಡಿದ್ದು ಎರಡನೆಯದು. ಅಲ್ಲಿ ಗಾಂಜಾ ಅಂಗಡಿ ಇಲ್ಲ. ಮಾರಿದವನಿಗೆ ಈಗಲೂ ಜೈಲೇ.

ಪೋರ್ಚುಗಲ್ ನಮಗೆ ಹೊಸ ದೇಶವೇನಲ್ಲ. ಪಕ್ಕದ ಗೋವೆಯನ್ನು 1961ರವರೆಗೆ ಕಾಲಡಿ ಇಟ್ಟುಕೊಂಡಿದ್ದವರು ಅವರೇ. ಅವರ ಸರ್ವಾಧಿಕಾರ 1974ರಲ್ಲಿ ಬಿತ್ತು. ಆಫ್ರಿಕದ ವಸಾಹತುಗಳಲ್ಲಿ ಯುದ್ಧ ಮಾಡುತ್ತಿದ್ದ ಸಿಪಾಯಿಗಳು ಊರಿಗೆ ವಾಪಸ್ಸಾದರು, ಮುಚ್ಚಿದ್ದ ಬಾಗಿಲು ತೆರೆಯಿತು, ಎಲ್ಲದರ ಜೊತೆ ಹೆರಾಯಿನ್ನೂ ಒಳಗೆ ಬಂತು. 1990ರ ದಶಕದ ಕೊನೆಗೆ ಒಂದು ಕೋಟಿ ಜನಸಂಖ್ಯೆಯಲ್ಲಿ ಸುಮಾರು ನೂರಕ್ಕೊಬ್ಬರು ಹೆರಾಯಿನ್ ಚಟಕ್ಕೆ ಬಿದ್ದಿದ್ದರು. ಲಿಸ್ಬನ್ ಊರಿನ ಕಸಾಲ್ ವೆಂತೋಸು ಅನ್ನೋ ಬಡವರ ಗುಡ್ಡದಲ್ಲಿ ಹಾಡಹಗಲೇ ಸೂಜಿ ಚುಚ್ಚಿಕೊಂಡು ಜನ ಬಿದ್ದಿರುತ್ತಿದ್ದರು. ಒಂದೇ ಸೂಜಿ ಹತ್ತು ಕೈಗೆ ಹೋಗಿ ಏಡ್ಸ್ ಹರಡಿತು. ಇಷ್ಟಾದ ಮೇಲೆ, ಬಡವರ ಮಕ್ಕಳ ಜೊತೆ ಮೇಲಿನವರ ಮಕ್ಕಳೂ ಸಾಯೋದಕ್ಕೆ ಶುರುವಾದ ಮೇಲೆ, ಸರ್ಕಾರ 1998ರಲ್ಲಿ ಒಂದು ಸಮಿತಿ ಮಾಡಿತು. ಜೊವಾಂವ್ ಗೂಲಾಂವ್ ಅನ್ನೋ ಡಾಕ್ಟರು ಅದರಲ್ಲಿದ್ದರು. ಆ ಸಮಿತಿಯ ಮಾತಿನ ಮೇಲೆ 2000ದಲ್ಲಿ ಕಾನೂನಾಯಿತು, 2001ರ ಜುಲೈ 1ರಿಂದ ಜಾರಿಗೆ ಬಂತು.

ಆ ಕಾನೂನು ಹೇಳೋದು ಇಷ್ಟು. ಒಬ್ಬ ಮನುಷ್ಯನಿಗೆ ಹತ್ತು ದಿನಕ್ಕೆ ಸಾಲುವಷ್ಟು ಮಾಲು ಕೈಯಲ್ಲಿದ್ದರೆ ಅದು ಸ್ವಂತಕ್ಕೆ. ಗಾಂಜಾ ಸೊಪ್ಪಾದರೆ 25 ಗ್ರಾಂ, ಹೆರಾಯಿನ್ ಆದರೆ 1 ಗ್ರಾಂ, ಕೊಕೇನ್ ಆದರೆ 2 ಗ್ರಾಂ. ನಮ್ಮ ಹುಡುಗನ 18 ಗ್ರಾಂ ಇದರೊಳಗೇ ಬಂತು. ಪೋಲೀಸರು ಪೊಟ್ಟಣ ಕಿತ್ತುಕೊಂಡು ಒಂದು ಚೀಟಿ ಬರೆಯುತ್ತಾರೆ. ಚೀಟಿ ಹೋಗೋದು ಕೋರ್ಟಿಗಲ್ಲ. ಜಿಲ್ಲೆಗೊಂದರಂತೆ ಮೂರು ಜನರ ಮಂಡಳಿ ಇದೆ, ಅಲ್ಲಿಗೆ. ಕಾನೂನು ಗೊತ್ತಿರುವವರ ಜೊತೆ ಡಾಕ್ಟರು, ಮನಶ್ಶಾಸ್ತ್ರ ಓದಿದವರು, ಸಮಾಜ ಕಾರ್ಯಕರ್ತರು ಅದರಲ್ಲಿರುತ್ತಾರೆ. ಕರಿ ಕೋಟಿಲ್ಲ, ಕಟಕಟೆ ಇಲ್ಲ, ಮೇಜಿನ ಸುತ್ತ ಕೂತು ಮಾತು. ಚಟ ಹತ್ತಿದೆಯಾ, ಸುಮ್ಮನೆ ಸೇದಿದ್ದಾ ಅಂತ ವಿಚಾರಿಸುತ್ತಾರೆ. ಮೊದಲ ಸಲ, ಚಟ ಇಲ್ಲ ಅಂದರೆ ಬುದ್ಧಿ ಹೇಳಿ ಕಳಿಸುತ್ತಾರೆ. ಚಟ ಇದ್ದರೆ ಚಿಕಿತ್ಸೆಗೆ ದಾರಿ ತೋರಿಸುತ್ತಾರೆ. ದಂಡ ಹಾಕೋ ಅಧಿಕಾರ ಅವರಿಗೂ ಇದೆ, ಆದರೆ ಹೆಚ್ಚಿನ ಕೇಸು ಹಾಗೇ ತಡೆಹಿಡಿದು ಮುಗಿಸುತ್ತಾರೆ. ಬರೀ ಕಾನೂನು ತಿದ್ದಿ ಕೈತೊಳೆದುಕೊಳ್ಳಲಿಲ್ಲ, ಊರೂರಿಗೆ ಚಿಕಿತ್ಸೆ, ಹೊಸ ಸೂಜಿ, ಹೆರಾಯಿನ್ ಬದಲು ಮೆಥಡೋನ್ ಕೊಟ್ಟರು. ಸೂಜಿಯಿಂದ ಹೊಸದಾಗಿ ಏಡ್ಸ್ ಸೋಂಕು ತಗಲಿದವರ ಲೆಕ್ಕ ಆಗ ವರ್ಷಕ್ಕೆ ಸಾವಿರದ ಮೇಲಿತ್ತು, ಆಮೇಲೆ ನೂರರ ಕೆಳಗೆ ಇಳಿಯಿತು.

ಹಾಗಂತ ಪೋರ್ಚುಗಲ್ಲನ್ನು ದೇವರ ಪಟದ ಪಕ್ಕ ಇಡೋದು ಬೇಡ. 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹತ್ತು ದಿನದ ಲೆಕ್ಕ ದಾಟಿದರೆ, ಸ್ವಂತಕ್ಕೇ ಆದರೂ, ಅಪರಾಧವೇ ಅಂದಿತು. ಅದನ್ನು ಸರಿ ಮಾಡೋದಕ್ಕೆ 2023ರವರೆಗೆ ಕಾಯಬೇಕಾಯಿತು. 2012ರಲ್ಲಿ ಖಜಾನೆ ಖಾಲಿ ಅಂತ ಈ ಕೆಲಸ ನೋಡುತ್ತಿದ್ದ ಸಂಸ್ಥೆಯನ್ನೇ ಒಡೆದು ಹಂಚಿದರು, ಹಣ ಕಡಿಮೆ ಮಾಡಿದರು. ಅದಾದ ಮೇಲೆ ಬೀದಿಯಲ್ಲಿ ಮತ್ತೆ ಸೂಜಿ ಕಾಣೋದಕ್ಕೆ ಶುರುವಾಯಿತು.

ಈಗ ಬ್ರೆಜಿಲ್‌ಗೆ ಬನ್ನಿ. ಅದೂ ಪೋರ್ಚುಗೀಸರೇ ಆಳಿದ ನಾಡು, ಆಫ್ರಿಕದಿಂದ ಲಕ್ಷಾಂತರ ಜನರನ್ನು ಹಡಗಿಗೆ ತುಂಬಿ ಗುಲಾಮರಾಗಿ ತಂದ ನಾಡು. ರಿಯೊ ದಿ ಜನೈರೊ ನಗರಸಭೆ 1830ರಲ್ಲೇ ಗಾಂಜಾ ಬೇಡ ಅಂತ ಒಂದು ನಿಯಮ ಮಾಡಿತ್ತು. ಮಾರಿದವನಿಗೆ ದಂಡ. ಸೇದಿದ "ಗುಲಾಮರು ಮತ್ತಿತರರಿಗೆ" ಮೂರು ದಿನ ಜೈಲು. ಮಾರೋ ಯಜಮಾನ ದುಡ್ಡು ಕಟ್ಟಿ ಮನೆಗೆ, ಸೇದಿದ ಗುಲಾಮ ಕತ್ತಲೆ ಕೋಣೆಗೆ. ಇನ್ನೂರು ವರ್ಷದ ಹಿಂದಿನ ನಿಯಮ ಓದಿದಾಗ ನನಗೆ ಯಾಕೋ ನಮ್ಮ ಊರಿನ ಹಳೇ ಪಂಚಾಯ್ತಿಕಟ್ಟೆ ನೆನಪಾಯಿತು.

ಅದೇ ಬ್ರೆಜಿಲ್ 2006ರಲ್ಲಿ ಬಹಳ ಮುಂದುವರಿದ ಕಾನೂನು ಅಂತ ಒಂದನ್ನು ತಂದಿತು. ಸ್ವಂತಕ್ಕೆ ಇಟ್ಟುಕೊಂಡವನಿಗೆ ಜೈಲಿಲ್ಲ, ಎಚ್ಚರಿಕೆ, ಸಮಾಜಸೇವೆ, ತಿಳುವಳಿಕೆ ತರಗತಿ ಇಷ್ಟೇ. ಮಾರುವವನಿಗೆ ಕನಿಷ್ಠ 5 ವರ್ಷ. ಕೇಳೋದಕ್ಕೆ ಚೆನ್ನಾಗಿದೆ. ಆದರೆ ಸ್ವಂತಕ್ಕೆ ಅಂದರೆ ಎಷ್ಟು ಗ್ರಾಂ? ಕಾನೂನು ಬರೆಯಲಿಲ್ಲ. ಮಾಲಿನ ಪ್ರಮಾಣ, ಸಿಕ್ಕಿದ ಜಾಗ, ಆ ಮನುಷ್ಯನ "ಸಾಮಾಜಿಕ ಮತ್ತು ವೈಯಕ್ತಿಕ ಪರಿಸ್ಥಿತಿ" ಇದನ್ನೆಲ್ಲ ನೋಡಿ ನ್ಯಾಯಾಧೀಶರು ತೀರ್ಮಾನಿಸಬೇಕು ಅಂತ ಬರೆಯಿತು. ನ್ಯಾಯಾಧೀಶರಿಗಿಂತ ಮೊದಲು ನೋಡುವವನು ಪೋಲೀಸಿನವನು. ಅವನು ಏನು ನೋಡುತ್ತಾನೆ? ಸಮುದ್ರದ ದಂಡೆಯ ದೊಡ್ಡ ಮನೆಯ ಬಿಳಿ ಹುಡುಗನ ಕೈಯಲ್ಲಿದ್ದರೆ ಅದು ಸ್ವಂತಕ್ಕೆ. ಕೊಳೆಗೇರಿಯ ಕರಿಯ ಹುಡುಗನ ಕೈಯಲ್ಲಿದ್ದರೆ ಅದು ವ್ಯಾಪಾರ. ಬಂದದ್ದು ಬಿಡುಗಡೆಯ ಕಾನೂನು, ಆದರೆ ಅದಾದ ಮೇಲೆಯೇ ಮಾದಕ ವಸ್ತು ಮಾರಾಟದ ಹೆಸರಲ್ಲಿ ಜೈಲಿನಲ್ಲಿದ್ದವರ ಸಂಖ್ಯೆ ಏರಿತು.

ಕಡೆಗೆ ಜೈಲಿನ ಕೋಣೆಯಲ್ಲಿ 3 ಗ್ರಾಂ ಗಾಂಜಾ ಸಿಕ್ಕಿದ ಒಬ್ಬ ಕೈದಿಯ ಕೇಸು ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. ಮೂರು ಗ್ರಾಂ! ಆ ವಿಚಾರಣೆ ವರ್ಷಾನುಗಟ್ಟಲೆ ಎಳೆಯಿತು. ಸಾವೊ ಪಾಲೊ ರಾಜ್ಯದ ಅಂಕಿಅಂಶ ಮುಂದಿಟ್ಟು, ಕರಿಯರು, ಓದಿಲ್ಲದವರು, ಎಳೆಯ ವಯಸ್ಸಿನವರು ಕಡಿಮೆ ಮಾಲಿಗೇ ವ್ಯಾಪಾರಿ ಅನ್ನಿಸಿಕೊಳ್ಳುತ್ತಿದ್ದಾರೆ ಅನ್ನೋದನ್ನು ನ್ಯಾಯಮೂರ್ತಿ ಅಲೆಶಾಂದ್ರಿ ದಿ ಮೊರಾಯಿಸ್ ಅವರೇ ತೆರೆದು ತೋರಿಸಿದರು. 2024ರ ಜೂನ್‌ನಲ್ಲಿ ತೀರ್ಪು ಬಂತು. 40 ಗ್ರಾಂ ಗಾಂಜಾದವರೆಗೆ ಸ್ವಂತಕ್ಕೆ ಅಂತಲೇ ಭಾವಿಸಬೇಕು, ಅದು ಅಪರಾಧವಲ್ಲ. ವ್ಯಾಪಾರದ ಬೇರೆ ಗುರುತು ಸಿಕ್ಕರೆ ಕೇಸು ಹಾಕಬಹುದು, ಆದರೆ ಬರೀ ಮುಖ ನೋಡಿ ಅಲ್ಲ. ಹದಿನೆಂಟು ವರ್ಷ ಬೇಕಾಯಿತು ಒಂದು ಅಂಕಿ ಬರೆಸೋದಕ್ಕೆ.

ಹಾಗಾದರೆ ಅಂಕಿ ಬರೆದುಬಿಟ್ಟರೆ ಆಯಿತಲ್ಲ ಅಂತೀರೇನೋ. ನ್ಯೂಯಾರ್ಕಿನ ಕತೆ ಕೇಳಿ. ಅಮೆರಿಕದ ಕರಿಯರ ಕತೆ ನಮಗೆ ಪರರ ಕತೆಯಲ್ಲ. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡದ್ದು ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್ ನೋಡಿಯೇ. ಅದೇ ಅಮೆರಿಕ 1986ರಲ್ಲಿ ಒಂದು ಕಾನೂನು ಮಾಡಿತು. ಕೊಕೇನ್ ಪುಡಿ 500 ಗ್ರಾಂ ಸಿಕ್ಕರೆ 5 ವರ್ಷ. ಅದೇ ಕೊಕೇನನ್ನು ಕಾಸಿ ಗಟ್ಟಿ ಮಾಡಿದ ಕ್ರ್ಯಾಕ್ ಆದರೆ 5 ಗ್ರಾಂಗೇ 5 ವರ್ಷ. ಪುಡಿ ದುಬಾರಿ, ದುಡ್ಡಿದ್ದವರದು. ಕ್ರ್ಯಾಕ್ ಅಗ್ಗ, ಕರಿಯರ ಕೇರಿಗಳಲ್ಲಿ ಮಾರುವಂಥದು. ಕ್ರ್ಯಾಕ್ ಕೇಸಲ್ಲಿ ಕೇಂದ್ರ ಕೋರ್ಟುಗಳ ಮುಂದೆ ನಿಂತವರಲ್ಲಿ ಐದಕ್ಕೆ ನಾಲ್ಕು ಜನ ಕರಿಯರೇ. 2010ರಲ್ಲಿ ನೂರಕ್ಕೊಂದು ಅನ್ನೋ ಲೆಕ್ಕವನ್ನು ಹದಿನೆಂಟಕ್ಕೊಂದು ಅಂತ ಮಾಡಿದರು. ಸಮ ಮಾಡಲಿಲ್ಲ.

ಇದಕ್ಕೂ ಮೊದಲೇ, 1977ರಲ್ಲೇ, ನ್ಯೂಯಾರ್ಕ್ ರಾಜ್ಯ ಗಾಂಜಾವನ್ನು ಅಪರಾಧದಿಂದ ತೆಗೆದಿತ್ತು. 25 ಗ್ರಾಂವರೆಗೆ ಬರೀ ದಂಡ. ಆದರೆ ಒಂದು ಬಾಲ ಇಟ್ಟಿದ್ದರು: ಸಾರ್ವಜನಿಕರ ಕಣ್ಣಿಗೆ ಕಾಣುವ ಹಾಗೆ ಹಿಡಿದಿದ್ದರೆ ಅದು ಅಪರಾಧ. ಮುಂದಿನದು ಪೋಲೀಸ್ ಬುದ್ಧಿ. ಬೀದಿಯಲ್ಲಿ ಕರಿಯ ಹುಡುಗನನ್ನು ನಿಲ್ಲಿಸೋದು, "ಜೇಬಲ್ಲಿರೋದು ತೆಗಿ" ಅನ್ನೋದು, ಹೆದರಿದ ಹುಡುಗ ಪೊಟ್ಟಣ ಹೊರಗೆ ತೆಗೆಯುತ್ತಲೇ "ಈಗ ಕಣ್ಣಿಗೆ ಕಂಡಿತಲ್ಲ" ಅಂತ ಕೈಗೆ ಕೋಳ ಹಾಕೋದು. 2011ರಲ್ಲಿ ಆ ಒಂದೇ ನಗರದಲ್ಲಿ ಪೋಲೀಸರು 6,80,000ಕ್ಕೂ ಹೆಚ್ಚು ಸಲ ಜನರನ್ನು ಬೀದಿಯಲ್ಲಿ ನಿಲ್ಲಿಸಿದರು. ಅದೇ ವರ್ಷ ಚೂರುಪಾರು ಗಾಂಜಾಕ್ಕೆ ಸುಮಾರು 50,000 ಜನರನ್ನು ದಸ್ತಗಿರಿ ಮಾಡಿದರು. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನ ಕರಿಯರು ಮತ್ತು ಲ್ಯಾಟಿನೊಗಳು. ಕಾನೂನು ಪುಸ್ತಕದಲ್ಲಿ ಅದು ಅಪರಾಧ ಅಲ್ಲ ಅಂತಾಗಿ 34 ವರ್ಷ ಕಳೆದಿತ್ತು. ಬಿಳಿಯರು ಸೇದೋದಿಲ್ಲವೇ? ಸೇದುತ್ತಾರೆ, ಹೆಚ್ಚುಕಡಿಮೆ ಅಷ್ಟೇ ಸೇದುತ್ತಾರೆ. ಇಡೀ ಅಮೆರಿಕದ ಲೆಕ್ಕ ತೆಗೆದರೆ ಗಾಂಜಾ ಇಟ್ಟುಕೊಂಡದ್ದಕ್ಕೆ ಕರಿಯ ಸಿಕ್ಕಿಬೀಳೋದು ಬಿಳಿಯನ ಮೂರೂವರೆ ಪಟ್ಟು. 2021ರಲ್ಲಿ ನ್ಯೂಯಾರ್ಕ್ ಪೂರ್ತಿ ಕಾನೂನುಬದ್ಧ ಮಾಡಿದಾಗ ಹಳೇ ಕೇಸುಗಳನ್ನು ಅಳಿಸೋದಕ್ಕೂ, ಗಾಂಜಾ ತೆರಿಗೆಯ ನೂರಕ್ಕೆ ನಲವತ್ತು ಪಾಲನ್ನು ಪೋಲೀಸ್ ಏಟು ತಿಂದ ಕೇರಿಗಳಿಗೆ ಕೊಡೋದಕ್ಕೂ ಬರೆಸಿದರು. ಅದು ತಾನಾಗಿ ಬರಲಿಲ್ಲ, ಜನ ಬೀದಿಯಲ್ಲಿ ಹೋರಾಡಿ ಬರೆಸಿದ್ದು.

ಅಮೆರಿಕದ್ದೇ ಇನ್ನೊಂದು ರಾಜ್ಯ ಆರಿಗನ್. ಅಲ್ಲಿ 2020ರಲ್ಲಿ ಜನರೇ ಓಟು ಹಾಕಿ, ಹೆರಾಯಿನ್‌ವರೆಗೆ ಎಲ್ಲದರ ಸ್ವಂತ ಬಳಕೆಯನ್ನೂ ಅಪರಾಧದಿಂದ ತೆಗೆದರು. ನೂರು ಡಾಲರ್ ದಂಡದ ಚೀಟಿ, ಸಹಾಯದ ನಂಬರಿಗೆ ಫೋನ್ ಮಾಡಿದರೆ ಅದೂ ಮಾಫಿ. ಫೋನ್ ಮಾಡಿದವರು ಬೆರಳೆಣಿಕೆ ಮಂದಿ. ಚಿಕಿತ್ಸೆಗೆ ಕೊಡಬೇಕಾದ ಹಣ ತಡವಾಗಿ ಬಂತು, ಅದೇ ಹೊತ್ತಿಗೆ ಫೆಂಟಾನಿಲ್ ಅನ್ನೋ ವಿಷ ಊರಿಗೆ ನುಗ್ಗಿತು. ಬೀದಿಯಲ್ಲಿ ಸಾವು ಕಂಡ ಜನ ಕಾನೂನನ್ನೇ ಬೈದರು. 2024ರ ಸೆಪ್ಟೆಂಬರ್‌ನಿಂದ ಅಲ್ಲಿ ಮತ್ತೆ ಅಪರಾಧವೇ. ಪೋಲೀಸರನ್ನು ಹಿಂದಕ್ಕೆ ಕಳಿಸಿದರು, ಡಾಕ್ಟರನ್ನು ಮುಂದಕ್ಕೆ ಕಳಿಸಲಿಲ್ಲ.

ಇನ್ನು ನಮ್ಮ ಮನೆ ವಿಚಾರ. 1985ರಲ್ಲಿ ಬಂದ ಎನ್‌ಡಿಪಿಎಸ್ ಕಾಯ್ದೆ ನಮ್ಮದು. 2001ರ ತಿದ್ದುಪಡಿಯಿಂದ ನಮ್ಮಲ್ಲೂ ಅಂಕಿ ಇದೆ. ಗಾಂಜಾ 1 ಕೆ.ಜಿ.ವರೆಗೆ "ಅಲ್ಪ ಪ್ರಮಾಣ", 20 ಕೆ.ಜಿ. ದಾಟಿದರೆ "ವಾಣಿಜ್ಯ ಪ್ರಮಾಣ". ಹೆರಾಯಿನ್ 5 ಗ್ರಾಂವರೆಗೆ ಅಲ್ಪ. ಇದನ್ನು ಕೇಳಿ ನಮ್ಮ ಹುಡುಗರು ಅಲ್ಪ ಅಂದರೆ ಮಾಫಿ ಅಂದುಕೊಂಡಿದ್ದಾರೆ. ಅಲ್ಲ. ಪೋರ್ಚುಗಲ್‌ನಲ್ಲಿ ಗೆರೆಯ ಈಚೆಗೆ ಮಂಡಳಿ, ಆಚೆಗೆ ಜೈಲು. ನಮ್ಮಲ್ಲಿ ಗೆರೆಯ ಈಚೆಗೂ ಜೈಲು, ಆಚೆಗೂ ಜೈಲು. ಅಲ್ಪ ಪ್ರಮಾಣದ ಗಾಂಜಾಕ್ಕೆ ಒಂದು ವರ್ಷದವರೆಗೆ, ಬರೀ ಸೇದಿದ್ದಕ್ಕೆ ಆರು ತಿಂಗಳವರೆಗೆ. ಬ್ರೌನ್ ಶುಗರ್‌ನಲ್ಲಿ ಮುಕ್ಕಾಲು ಪಾಲು ಸುಣ್ಣದ ಪುಡಿಯೇ ಇದ್ದರೂ ಪೂರ್ತಿ ತೂಕವನ್ನೇ ಹಿಡಿಯಬೇಕು ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಕಲಬೆರಕೆ ಮಾಲು ಕೊಳ್ಳೋದು ಯಾರು ಅಂತ ಬೇರೆ ಹೇಳಬೇಕಾ?

ಇನ್ನೊಂದು ತಮಾಷೆ ಇದೆ. ಗಿಡ ಒಂದೇ. ಹೂವಿನ ತುದಿ ಗಾಂಜಾ, ಅದು ಅಪರಾಧ. ಬರೀ ಎಲೆ ಆದರೆ ಈ ಕಾಯ್ದೆಯ ಅರ್ಥದಲ್ಲಿ ಗಾಂಜಾ ಅಲ್ಲ. ಎಲೆ ಅರೆದು ಮಾಡಿದ ಭಂಗಿಯನ್ನು ಉತ್ತರ ಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ಅಂಗಡಿಯಲ್ಲೇ ಮಾರುತ್ತಾರೆ. ಕಾಶಿಯಲ್ಲಿ ಹೋಳಿಗೆ ಕುಡಿದರೆ ಅದು ಪ್ರಸಾದ. ಬಸ್‌ಸ್ಟ್ಯಾಂಡಿನ ಹಿಂದೆ ಸೇದಿದರೆ ಅದು ಕೇಸು.

ಕಾಯ್ದೆಯಲ್ಲಿ ಒಳ್ಳೆಯ ಕಲಮುಗಳೂ ಇವೆ, ಸುಳ್ಳು ಹೇಳಬಾರದು. 64ಎ ಕಲಮಿನಂತೆ ಚಟಕ್ಕೆ ಬಿದ್ದವನು ಅಲ್ಪ ಪ್ರಮಾಣದ ಕೇಸಲ್ಲಿ ತಾನೇ ಚಿಕಿತ್ಸೆಗೆ ಮುಂದೆ ಬಂದರೆ ಅವನ ಮೇಲೆ ಕೇಸು ನಡೆಸೋ ಹಾಗಿಲ್ಲ. ಎಲ್ಲಿಗೆ ಹೋಗಬೇಕು ಚಿಕಿತ್ಸೆಗೆ? ನಮ್ಮ ತಾಲ್ಲೂಕಿನಲ್ಲಿ ಅಂಥ ಸರ್ಕಾರಿ ಕೇಂದ್ರವೇ ಇಲ್ಲ. 50ನೇ ಕಲಮಿನಂತೆ ಮೈ ತಡಕುವ ಮೊದಲು, "ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ತಪಾಸಣೆ ಮಾಡಿಸಿಕೊಳ್ಳುವ ಹಕ್ಕು ನಿನಗಿದೆ" ಅಂತ ಪೋಲೀಸರು ಹೇಳಲೇಬೇಕು. ನಮ್ಮ ಹುಡುಗನಿಗೆ ಹೇಳಿದ್ದು ಬೇರೆ ಮಾತು, ಅದು ಇಲ್ಲಿ ಬರೆಯುವಂಥದಲ್ಲ.

ಮುಂಬಯಿಯ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ 2017 ಮತ್ತು 2018ರ ಮಾದಕ ವಸ್ತು ಕೇಸುಗಳನ್ನು ಕೂತು ಓದಿದವರಿಗೆ ಕಂಡದ್ದು ಇದು: ಬಹುಪಾಲು ಸ್ವಂತ ಸೇವನೆಯ ಕೇಸು, ಬಹುಪಾಲು ಗಾಂಜಾ, ಶಿಕ್ಷೆಯಾದವರು ದಿನಗೂಲಿಯವರು, ಫುಟ್‌ಪಾತಿನವರು, ಕೊಳೆಗೇರಿಯವರು. ದೇಶದ ಜೈಲುಗಳಲ್ಲಿ ವಿಚಾರಣೆಗೆ ಕಾಯುತ್ತ ಕೂತವರಲ್ಲಿ ಐದರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು. 2011ರ ಜನಗಣತಿಯಲ್ಲಿ ನಾವು ಆರರಲ್ಲಿ ಒಬ್ಬರು. ಒಳಗೆ ಹೋದ ಮೇಲಾದರೂ ಜಾತಿ ಬಿಡುತ್ತಾ? ಜೈಲಿನಲ್ಲಿ ಗುಡಿಸೋ ಕೆಲಸ ಕೆಳಜಾತಿಗೆ, ಅಡುಗೆ ಕೆಲಸ ಮೇಲ್ಜಾತಿಗೆ ಅಂತ ಇರೋ ನಿಯಮಗಳು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟು 2024ರ ಅಕ್ಟೋಬರ್‌ನಲ್ಲಿ ಹೇಳಬೇಕಾಗಿ ಬಂತು. ಒಂದು ಪೊಟ್ಟಣ ಗಾಂಜಾಕ್ಕೆ ನಮ್ಮ ಹುಡುಗನನ್ನು ಕಳಿಸುತ್ತಿರೋದು ಅಂಥ ಜಾಗಕ್ಕೆ.

ಹಿರಿಯರ ಪ್ರಶ್ನೆಗೆ ಬರುತ್ತೇನೆ. ಅಣ್ಣಾ, ನೀವು ಹೆಂಡದಂಗಡಿ ಮುಂದೆ ಕೂತದ್ದು ನನಗೂ ಗೊತ್ತು, ನಾನು ಆಗ ಹುಡುಗ, ನಿಮ್ಮ ಹಿಂದೆಯೇ ಇದ್ದೆ. ನಾವು ಯಾರ ವಿರುದ್ಧ ಕೂತೆವು? ಗುತ್ತಿಗೆದಾರನ ವಿರುದ್ಧ, ಅವನಿಂದ ಬೊಕ್ಕಸ ತುಂಬಿಸಿಕೊಳ್ಳುತ್ತಿದ್ದ ಸರ್ಕಾರದ ವಿರುದ್ಧ. ಕುಡಿದು ಚರಂಡಿಯಲ್ಲಿ ಬಿದ್ದಿದ್ದ ನಮ್ಮಪ್ಪಂದಿರನ್ನು ಜೈಲಿಗೆ ಹಾಕಿ ಅಂತ ನಾವು ಒಂದು ದಿನವೂ ಕೇಳಲಿಲ್ಲ. ಹೊತ್ತುಕೊಂಡು ಬಂದು ಮನೆ ಜಗುಲಿಯಲ್ಲಿ ಮಲಗಿಸಿದೆವು. 2007ರ ಜುಲೈಯಲ್ಲಿ ಸಾರಾಯಿ ನಿಲ್ಲಿಸಿದರು. ಕುಡಿತ ನಿಂತಿತಾ? ಪಾಕೀಟಿನ ಜಾಗಕ್ಕೆ ದುಬಾರಿ ಬಾಟಲಿ ಬಂತು, ಅಬಕಾರಿ ಆದಾಯ ಇನ್ನೂ ಏರಿತು.

ಗಾಂಜಾ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಹದಿನೈದು ವರ್ಷದ ಹುಡುಗರು ಅದರ ಹಿಂದೆ ಹೋಗಿ ಓದು ಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೇರಿಗೆ ಮಾಲು ತಂದು ಸುರಿಯುವವನು ಯಾರು ಅಂತ ಎಲ್ಲರಿಗೂ ಗೊತ್ತು, ಅವನ ಕಾರು ನಿಲ್ಲೋ ಜಾಗವೂ ಗೊತ್ತು, ಪೋಲೀಸರಿಗೂ ಗೊತ್ತು. ಅವನ ಮೇಲೆ ಕೇಸು ಹಾಕಿಸೋಣ, ಅದಕ್ಕೆ ಬ್ಯಾನರ್ ಹಿಡಿಯೋಣ. ಆದರೆ ಸೇದಿದವನ ತಕ್ಕಡಿ ಠಾಣೆಯಲ್ಲಿ ಇರಬಾರದು. ಎಷ್ಟು ಗ್ರಾಂ ಅಂತ ಕಾನೂನಿನಲ್ಲೇ ಬರೆದು, ಅಷ್ಟರೊಳಗೆ ಅದು ಅಪರಾಧವೇ ಅಲ್ಲ ಅಂತ ಆಗಬೇಕು. ಚೀಟಿ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಚೀಟಿ ತಗೊಳ್ಳೋದಕ್ಕೆ ಡಾಕ್ಟರು ಇರಬೇಕು. ಡಾಕ್ಟರಿಲ್ಲದೆ ಬರೀ ಕಾನೂನು ಕೇಳಿದರೆ ನಮ್ಮದೂ ಆರಿಗನ್ ಆಗುತ್ತೆ. ಮತ್ತೆ "ಜೇಬಲ್ಲಿರೋದು ತೆಗಿ" ಅನ್ನೋ ಅಧಿಕಾರ ಉಳಿದರೆ ಯಾವ ಕಾನೂನು ಬಂದರೂ ನಮ್ಮದು ನ್ಯೂಯಾರ್ಕೇ.

ಹುಡುಗನ ವಾಯಿದೆ ಬರುವ ಸೋಮವಾರ ಇದೆ. ತಪಾಸಣೆಗೆ ಮೊದಲು ಹಕ್ಕಿನ ಮಾತು ಹೇಳಿದ್ದರೇ, ಪಂಚರು ಯಾರು, ತೂಕ ಎಲ್ಲಿ ಹಾಕಿದರು ಅನ್ನೋದನ್ನು ಕೇಳೋದಕ್ಕೆ ವಕೀಲರು ಒಪ್ಪಿದ್ದಾರೆ, ಫೀಸು ಬೇಡ ಅಂದಿದ್ದಾರೆ. ಅವನವ್ವನ ಜೊತೆ ಕೋರ್ಟಿಗೆ ಹೋಗೋದಕ್ಕೆ ಸದ್ಯಕ್ಕೆ ನಾನು ಮತ್ತು ಆ ಲಾ ಓದೋ ಹುಡುಗ ಇಬ್ಬರೇ ಇದ್ದೇವೆ. ಬೆಳಗ್ಗೆ ಎಂಟೂವರೆ ಬಸ್ಸಿಗೆ ಹೊರಡುತ್ತೇವೆ. ಹಿರಿಯರಿಗೂ ಹೇಳಿಕಳಿಸಿದ್ದೇನೆ.